ನಾಲ್ಕು ಹೆಜ್ಜೆಯ ಲೆಕ್ಕ

ಮೊದಲ ಸಂಜೆ ಮೈದಾನದಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಎದೆಯ ಎತ್ತರಕ್ಕೆ ಬಂದ ಚೆಂಡನ್ನು ಎರಡೂ ಕೈಗಳಿಂದ ಸೊಗಸಾಗಿಯೇ ಹಿಡಿದೆ, ಹಿಡಿದ ಬಿಸಿಯಲ್ಲೇ ಅದನ್ನು ತಲೆಯ ಮೇಲಿನಿಂದ ಒಂದೇ ಕೈಯಲ್ಲಿ ಮುಂದಿನವಳಿಗೆ ಎಸೆದೆ, ಸೀಟಿ ಕೇಳಿಸಿತು. ತಿಪಟೂರಿನ ಹೈಸ್ಕೂಲಿನಲ್ಲಿ ಮೂರು ವರ್ಷ ಥ್ರೋಬಾಲ್ ಆಡಿದ ಕೈ ಅದು. ಚೆಂಡು ಸಿಕ್ಕಿದ ಮೂರು ಸೆಕೆಂಡಿನೊಳಗೆ ಎಸೆಯಬೇಕೆಂಬ ನಿಯಮವನ್ನು ನಾನು ಮರೆತು ಇಪ್ಪತ್ತೈದು ವರ್ಷಗಳಾಗಿದ್ದರೂ ಕೈ ಮರೆತಿರಲಿಲ್ಲ. ನಾನು ಕಲಿಯಲು ಹೋದದ್ದು ಐರ್ಲೆಂಡಿನವರ ಆಟವಾದ ಗೇಲಿಕ್ ಫುಟ್‌ಬಾಲ್; ಅದರಲ್ಲಿ ಚೆಂಡನ್ನು ಹಿಡಿಯಬಹುದು, ಹಿಡಿದುಕೊಂಡು ಓಡಬಹುದು, ನೆಲಕ್ಕೆ ಪುಟಿಸಬಹುದು, ಒದೆಯಬಹುದು, ಗುದ್ದಬಹುದು, ಆದರೆ ಎಸೆಯುವಂತಿಲ್ಲ. ನಮಗೆ ಕಲಿಸುವವರು, ಹಗಲಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಇದನ್ನು ಎರಡನೆಯ ತರಗತಿಯ ಮಗುವಿಗೆ ಹೇಳುವಷ್ಟೇ ತಾಳ್ಮೆಯಿಂದ ಹೇಳಿದರು. ಅದೇ ಸಂಜೆ ನಾನು ಇನ್ನೂ ಆರು ಸಲ ಎಸೆದೆ.

ತಪ್ಪು ಪೂರ್ತಿ ನನ್ನದಲ್ಲ, ಚೆಂಡಿನದೂ ಸ್ವಲ್ಪ ಇದೆ ಎಂದು ಈಗಲೂ ನನ್ನ ವಾದ. ಗೇಲಿಕ್ ಚೆಂಡು ನೋಡಲು ಫುಟ್‌ಬಾಲಿನಂತಿರುವುದಿಲ್ಲ. ಉದ್ದುದ್ದ ಪಟ್ಟಿಗಳಂತೆ ಜೋಡಿಸಿದ 18 ತುಂಡುಗಳ ಬಿಳಿಯ ಚೆಂಡದು, ಯಾರಾದರೂ ಕೈಗೆ ಕೊಟ್ಟರೆ ವಾಲಿಬಾಲ್ ಎಂದೇ ತಿಳಿಯಬೇಕು. ಎತ್ತಿಕೊಂಡಾಗ ಮಾತ್ರ ಗುಟ್ಟು ತಿಳಿಯುತ್ತದೆ. ವಾಲಿಬಾಲಿನ ತೂಕ 260ರಿಂದ 280 ಗ್ರಾಂ. ಗಂಡಸರ ಗೇಲಿಕ್ ಚೆಂಡು 480ರಿಂದ 500 ಗ್ರಾಂ ತೂಗುತ್ತದೆ. ಹೆಂಗಸರಿಗೆ ಅದಕ್ಕಿಂತ ಒಂದು ಅಳತೆ ಚಿಕ್ಕದಾದ ಚೆಂಡಿದೆ, ಆದರೆ ಐರ್ಲೆಂಡಿನ ಮಳೆಯಲ್ಲಿ ನೆನೆದ ಮೇಲೆ ಅದೂ ಕೈಗೆ ತನ್ನ ತೂಕವನ್ನು ತಿಳಿಸದೆ ಬಿಡುವುದಿಲ್ಲ.

ನಾವು ಡಬ್ಲಿನ್ನಿನ ಪಶ್ಚಿಮದಂಚಿನ ಬಡಾವಣೆಯೊಂದಕ್ಕೆ ಬಂದು ಒಂಬತ್ತು ವರ್ಷಗಳಾದವು. ಈ ದೇಶದಲ್ಲಿ ಎಲ್ಲಿಗೆ ಹೋದರೂ ಊರಿಗೊಂದು ಜಿಎಎ ಕ್ಲಬ್ಬು, ಅದಕ್ಕೊಂದು ಮೈದಾನ, ಮೈದಾನದ ಎರಡೂ ತುದಿಗಳಲ್ಲಿ ದೊಡ್ಡ ಎಚ್ ಅಕ್ಷರದಂಥ ಕಂಬಗಳು ಕಾಣುತ್ತವೆ. ಜಿಎಎ ಎಂದರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. 1884ರ ನವೆಂಬರ್ 1ರಂದು ಟಿಪ್ಪರೇರಿ ಕೌಂಟಿಯ ಥರ್ಲೆಸ್ ಎಂಬ ಪೇಟೆಯ ಹೇಯ್ಸ್ ಹೋಟೆಲಿನಲ್ಲಿ ಮೈಕಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮೊದಲಾದ ಕೆಲವೇ ಮಂದಿ ಸೇರಿ ಅದನ್ನು ಕಟ್ಟಿದರು. ಇಂಗ್ಲೆಂಡಿನ ಆಟಗಳ ಭರಾಟೆಯಲ್ಲಿ ತಮ್ಮ ನೆಲದ ಆಟಗಳು ಕಳೆದುಹೋಗಬಾರದೆಂಬುದು ಅವರ ಉದ್ದೇಶ. ಹೆಂಗಸರು ಈ ಆಟಕ್ಕೆ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಳ್ಳಲು 1974ರವರೆಗೆ, ಅಂದರೆ ಮತ್ತೆ 90 ವರ್ಷ ಕಾಯಬೇಕಾಯಿತು. ಅವರು ಸೇರಿದ್ದೂ ಅದೇ ಹೇಯ್ಸ್ ಹೋಟೆಲಿನಲ್ಲಿಯೇ.

ಮಗನಿಗೆ ಐದು ತುಂಬಿದಾಗ ಅವನನ್ನು ಶನಿವಾರ ಬೆಳಗಿನ ಮಕ್ಕಳ ತರಬೇತಿಗೆ ಸೇರಿಸಿದೆವು. ಎರಡು ವರ್ಷ ನಾನು ಗೆರೆಯ ಹೊರಗೆ ಕಾಗದದ ಲೋಟದಲ್ಲಿ ಕಾಫಿ ಹಿಡಿದುಕೊಂಡು, ಛತ್ರಿ ಗಾಳಿಗೆ ಮಗುಚಿಕೊಳ್ಳುವುದನ್ನು ಸರಿಪಡಿಸುತ್ತ, ಆಡುತ್ತಿರುವುದು ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದೆ. ಆಮೇಲೆ ಒಂದು ದಿನ ಕ್ಲಬ್ಬಿನ ಗೋಡೆಯ ಮೇಲೆ 'ಗೇಲಿಕ್ ಫಾರ್ ಮದರ್ಸ್ ಆ್ಯಂಡ್ ಅದರ್ಸ್' ಎಂಬ ಹಾಳೆ ಕಂಡಿತು. ಎಂದೂ ಆಡದ, ಅಥವಾ ಎಂದೋ ಆಡಿ ಬಿಟ್ಟ ಹೆಂಗಸರಿಗಾಗಿ ಮಹಿಳಾ ಸಂಸ್ಥೆಯು 2008ರಿಂದ ನಡೆಸುತ್ತಿರುವ ಕಾರ್ಯಕ್ರಮವಿದು. ಪಂದ್ಯಾವಳಿ ಇಲ್ಲ, ಕಪ್ಪು ಇಲ್ಲ, ವಾರಕ್ಕೊಂದು ಸಂಜೆ ಒಂದು ಗಂಟೆ ಆಡುವುದು, ಆಮೇಲೆ ಚಹಾ ಕುಡಿಯುವುದು. ತಾಯಂದಿರು ಸರಿ, ಈ 'ಇತರರು' ಯಾರು ಎಂದು ಕೇಳಿದ್ದಕ್ಕೆ ಪಕ್ಕದ ಮನೆಯಾಕೆ, "ನಾಚಿಕೆ ಬಿಟ್ಟವರು ಎಲ್ಲರೂ" ಎಂದರು. ಬೂಟಿಲ್ಲ, ಅಭ್ಯಾಸವಿಲ್ಲ, ವಯಸ್ಸೂ ನಲವತ್ತರ ಮೇಲೆ ಎಂಬ ನನ್ನ ಮೂರೂ ಕಾರಣಗಳನ್ನು ಅವರು ಒಂದೇ ಗೇಟಿನ ಬಳಿ ನಿಂತು ತಳ್ಳಿಹಾಕಿದರು. ಬೂಟನ್ನಂತೂ ತಮ್ಮ ಮಗಳದ್ದನ್ನೇ ಕೊಟ್ಟರು. ಎರಡು ಜೊತೆ ಕಾಲುಚೀಲ ಹಾಕಿದರೆ ಸರಿಹೋಗುತ್ತಿತ್ತು.

ಆಟದ ಹಂದರವನ್ನು ಹೇಳಿಬಿಡುತ್ತೇನೆ. ಪೂರ್ಣ ಪ್ರಮಾಣದ ಪಂದ್ಯದಲ್ಲಿ ಒಂದು ತಂಡಕ್ಕೆ 15 ಮಂದಿ: ಒಬ್ಬ ಗೋಲ್‌ಕೀಪರ್, ಹಿಂದೆ ಆರು, ನಡುವೆ ಎರಡು, ಮುಂದೆ ಆರು. ಮೈದಾನ 130ರಿಂದ 145 ಮೀಟರ್ ಉದ್ದ, 80ರಿಂದ 90 ಮೀಟರ್ ಅಗಲ. ಸಾಕರ್ ಮೈದಾನಕ್ಕಿಂತ ಸಾಕಷ್ಟು ದೊಡ್ಡದು, ಅದನ್ನು ಓಡಿಯೇ ತಿಳಿಯಬೇಕು. ನಾವು ತಾಯಂದಿರು ಅದರಲ್ಲಿ ಕಾಲುಭಾಗವನ್ನು ಕೋನುಗಳಿಟ್ಟು ಬೇರೆ ಮಾಡಿಕೊಂಡು, ಏಳೆಂಟು ಮಂದಿಯ ತಂಡಗಳಾಗಿ ಆಡುತ್ತೇವೆ. ಕಂಬಗಳ ನಡುವಿನ ಅಡ್ಡಪಟ್ಟಿಯ ಕೆಳಗಿನಿಂದ ಬಲೆಯೊಳಗೆ ಚೆಂಡು ಹೋದರೆ ಗೋಲು, ಅದಕ್ಕೆ ಮೂರು ಅಂಕ. ಅಡ್ಡಪಟ್ಟಿಯ ಮೇಲಿನಿಂದ ಕಂಬಗಳ ನಡುವೆ ಹಾದುಹೋದರೆ ಒಂದು ಅಂಕ. ಗೋಲಿಗೆ ಅಂಪೈರರು ಹಸಿರು ಬಾವುಟ ಎತ್ತುತ್ತಾರೆ, ಒಂದಂಕಕ್ಕೆ ಬಿಳಿಯದು. ಗಂಡಸರ ಆಟದಲ್ಲಿ 2025ರಿಂದ 40 ಮೀಟರ್ ಕಮಾನಿನ ಹೊರಗಿನಿಂದ ಒದ್ದು ಮೇಲೆ ಹಾಯಿಸಿದರೆ ಎರಡಂಕವೂ ಬಂದಿದೆ, ಅದಕ್ಕೆ ಕಿತ್ತಳೆ ಬಣ್ಣದ ಬಾವುಟ.

ಅಂಕಗಳನ್ನು ಬರೆಯುವ ರೀತಿ ಹೊಸಬರನ್ನು ಕಂಗೆಡಿಸುತ್ತದೆ. ಗೋಲುಗಳನ್ನೂ ಒಂದಂಕಗಳನ್ನೂ ಇವರು ಕೂಡಿಸುವುದಿಲ್ಲ, ಗೆರೆಯೊಂದನ್ನು ನಡುವೆ ಹಾಕಿ ಬೇರೆ ಬೇರೆ ಬರೆಯುತ್ತಾರೆ; ಕೂಡಿಸುವ ಕೆಲಸ ನೋಡುವವರದು. 2019ರ ಮಹಿಳೆಯರ ಅಖಿಲ ಐರ್ಲೆಂಡ್ ಫೈನಲ್ಲನ್ನು ನಾನು ಟಿಜಿ4 ವಾಹಿನಿಯಲ್ಲಿ ನೋಡಿದ್ದೆ. ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಅಂದು 56,114 ಮಂದಿ ಸೇರಿದ್ದರು, ವೀಕ್ಷಕ ವಿವರಣೆ ಐರಿಷ್ ಭಾಷೆಯಲ್ಲಿತ್ತು, ಪರದೆಯ ಮೂಲೆಯಲ್ಲಿ ಕೊನೆಗೆ ಡಬ್ಲಿನ್ 2-3, ಗಾಲ್ವೇ 0-4 ಎಂದು ಬಂದಿತು. ಭಾಷೆಯೂ ತಿಳಿಯದೆ ಲೆಕ್ಕವೂ ತಿಳಿಯದೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ, ಸೋತವರೇಕೆ ಕುಣಿಯುತ್ತಿದ್ದಾರೆ ಎಂದು ನಾನು ಯಜಮಾನರನ್ನು ಕೇಳಿದ್ದೆ. ಎರಡು ಗೋಲಿಗೆ ಆರು, ಅದರ ಮೇಲೆ ಮೂರು, ಒಟ್ಟು ಒಂಬತ್ತು, ಗಾಲ್ವೇಯದು ನಾಲ್ಕೇ. ಈ ಲೆಕ್ಕ ಎಷ್ಟು ನಿರ್ದಯವಾಗಬಲ್ಲದೆಂಬುದಕ್ಕೆ ಇಲ್ಲಿಯ ಹಿರಿಯರು ಎಲ್ಲರೂ ಒಂದೇ ಉದಾಹರಣೆ ಕೊಡುತ್ತಾರೆ. 1982ರ ಗಂಡಸರ ಫೈನಲ್ಲಿನಲ್ಲಿ ಕೆರಿ ತಂಡ ಸತತ ಐದನೆಯ ಕಪ್ಪಿನ ಅಂಚಿಗೆ ಬಂದು ನಿಂತಿತ್ತು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿರುವಾಗ ಎರಡಂಕ ಮುಂದಿತ್ತು. ಬದಲಿ ಆಟಗಾರನಾಗಿ ಬಂದ, ಎದುರಾಳಿ ಆಫಲಿ ತಂಡದ ಷೇಮಸ್ ಡಾರ್ಬಿ ಒಂದು ಗೋಲು ಹೊಡೆದರು. 1-15 ಎದುರು 0-17, ಹದಿನೆಂಟಕ್ಕೆ ಹದಿನೇಳು. ಹದಿನೇಳು ಸಲ ಕಂಬದ ನಡುವೆ ಹಾಯಿಸಿದ ತಂಡ ಹದಿನಾರು ಸಲ ಹಾಯಿಸಿದ ತಂಡಕ್ಕೆ ಸೋತಿತು. ಈ ಕಥೆ ಹೇಳುವಾಗ ಪಕ್ಕದ ಮನೆಯಾಕೆಯ ತಂದೆ ಇಂದಿಗೂ ಎದ್ದು ನಿಂತು ಹೇಳುತ್ತಾರೆ. ಅವರು ಕೆರಿಯವರು.

ಇಷ್ಟು ಗೆರೆಯ ಹೊರಗೆ ನಿಂತು ಕಲಿಯಬಹುದಾದದ್ದು. ಒಳಗೆ ಕಾಲಿಟ್ಟ ಮೇಲೆ ಎದುರಾಗುವುದು ನಾಲ್ಕು ಹೆಜ್ಜೆಯ ನಿಯಮ. ಕೈಯಲ್ಲಿ ಚೆಂಡು ಹಿಡಿದು ನಾಲ್ಕು ಹೆಜ್ಜೆ ಹೋಗಬಹುದು. ಅಷ್ಟರೊಳಗೆ ಅದನ್ನು ಬೇರೆಯವರಿಗೆ ಕೊಡಬೇಕು, ಇಲ್ಲವೇ ನೆಲಕ್ಕೆ ಪುಟಿಸಿ ಹಿಡಿದುಕೊಳ್ಳಬೇಕು, ಇಲ್ಲವೇ ಕಾಲ ಮೇಲೆ ಬಿಟ್ಟು ಕೈಗೆ ಮರಳಿ ಪಡೆಯಬೇಕು. ಪುಟಿಸುವುದನ್ನು ಎರಡು ಸಲ ಒಂದರ ಹಿಂದೊಂದು ಮಾಡುವಂತಿಲ್ಲ, ನಡುವೆ ಕಾಲಿನ ಕೆಲಸ ಬರಲೇಬೇಕು. ಕಾಲಿನ ಕೆಲಸಕ್ಕೆ ಸೋಲೋ ಎಂದು ಹೆಸರು. ಅದನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಬ್ಯಾಸ್ಕೆಟ್‌ಬಾಲ್ ನೋಡಿದವರಿಗೆ ಪುಟಿಸುವುದು ಹೊಸದಲ್ಲ. ಸೋಲೋ ಮಾತ್ರ ಬೇರೆ ಯಾವ ಆಟದಿಂದಲೂ ಎರವಲು ತರಲಾಗದ ವಿದ್ಯೆ, ಮತ್ತು ಈ ಆಟದ ಬಾಗಿಲೇ ಅದು ಎಂದು ನನ್ನ ಅಭಿಪ್ರಾಯ. ಒದೆಯಲು ಬಾರದವರು, ಎತ್ತರಕ್ಕೆ ಹಾರಲು ಬಾರದವರು ಹೇಗೋ ತಂಡದಲ್ಲಿ ನಡೆಸಿಕೊಂಡು ಹೋಗಬಹುದು. ಸೋಲೋ ಬಾರದವರಿಗೆ ಐದನೆಯ ಹೆಜ್ಜೆಯೇ ಇಲ್ಲ.

ಅದನ್ನು ಕಲಿಸಿದ ರೀತಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾನು ಹುಡುಕಿದಾಗ ಕನ್ನಡದಲ್ಲಿ ಯಾರೂ ಬರೆದದ್ದು ಕಾಣಲಿಲ್ಲ. ಮೊದಲು ನಿಂತಲ್ಲೇ ಮಾಡಬೇಕು. ಚೆಂಡನ್ನು ಎರಡೂ ಕೈಗಳಲ್ಲಿ ಸೊಂಟದ ಮಟ್ಟದಲ್ಲಿ ಹಿಡಿದು, ಬಲಗಾಲಿನಲ್ಲಿ ಮಾಡುವುದಾದರೆ ಬಲಗೈಯಿಂದಲೇ ಅದನ್ನು ಕೆಳಗೆ ಬಿಡಬೇಕು. ಎಡಗೈಯಿಂದ ಬಿಟ್ಟರೆ ಚೆಂಡು ಮೈಗೆ ಅಡ್ಡಡ್ಡವಾಗಿ ಬಂದು ಕಾಲಿನ ಬದಿಗೆ ಬೀಳುತ್ತದೆ. ಬಿಡುವುದೆಂದರೆ ಬಿಡುವುದೇ, ಎಲ್ಲ ಹೊಸಬರಂತೆ ನಾನೂ ಅದನ್ನು ಮೊದಲು ಸ್ವಲ್ಪ ಮೇಲಕ್ಕೆ ಚಿಮ್ಮಿಸಿ ಆಮೇಲೆ ಒದೆಯುತ್ತಿದ್ದೆ, ಅದು ಗಾಳಿಯಲ್ಲಿರುವಷ್ಟು ಹೊತ್ತೂ ಎದುರಾಳಿಗೆ ಕೊಟ್ಟ ಕರೆಯೋಲೆಯೇ ಸರಿ. ಇನ್ನು ಪಾದ. ಒದೆಯುವಾಗ ಕಾಲ್ಬೆರಳುಗಳು ಮುಂದಕ್ಕೆ ಚಾಚಿಕೊಳ್ಳುವುದು ಸಹಜ. ಇಲ್ಲಿ ಅವನ್ನು ಮೊಣಕಾಲಿನ ಕಡೆಗೆ, ಮೇಲಕ್ಕೆ ಎಳೆದು ಹಿಡಿಯಬೇಕು. ಬೂಟಿನ ತುದಿ ಹಾಗೆ ಮೇಲಕ್ಕೆ ಮಡಚಿಕೊಂಡಿದ್ದರೆ ಬೆರಳುಗಳ ಮೇಲೆ ಬಿದ್ದ ಚೆಂಡು ಹಿಮ್ಮುಖವಾಗಿ ತಿರುಗುತ್ತ ನಮ್ಮ ಹೊಟ್ಟೆಯ ಕಡೆಗೇ ಏರಿ ಬರುತ್ತದೆ. ಬೆರಳು ಮುಂದೆ ಚಾಚಿತೋ, ಚೆಂಡು ಮೂರು ಮಾರು ಮುಂದೆ. ಮೊಣಕಾಲನ್ನು ಹೆಚ್ಚು ಎತ್ತಬಾರದು, ಕಾಲನ್ನು ಬೀಸಬಾರದು. ಚೆಂಡಿಗೆ ಬೇಕಾದದ್ದು ಒದೆತವಲ್ಲ, ಒಂದು ಸಣ್ಣ ಎತ್ತುಗೆ.

ನಿಂತಲ್ಲಿ ಹತ್ತು ಸಲ ಬಂದ ಮೇಲೆ ನಡೆಯುತ್ತ, ಆಮೇಲೆ ಮೆಲ್ಲನೆ ಓಡುತ್ತ. ನಡೆಯುವಾಗ ಬಂದ ವಿದ್ಯೆ ಓಡುವಾಗ ಪೂರ್ತಿ ಮಾಯವಾಗುತ್ತದೆ. ನಿಂತಾಗ ಚೆಂಡು ನೇರ ಕೆಳಗೆ ಬಿದ್ದರೆ ಸಾಕು. ಓಡುವಾಗ ಚೆಂಡನ್ನು ಕಾಲು ಎಲ್ಲಿದೆಯೋ ಅಲ್ಲಿಗಲ್ಲ, ಕಾಲು ಎಲ್ಲಿಗೆ ಬರಲಿದೆಯೋ ಅಲ್ಲಿಗೆ ಬಿಡಬೇಕು. ಮೂರನೆಯ ವಾರ ನಾನು ಬಿಟ್ಟ ಚೆಂಡು ಮೊಣಕಾಲಿಗೆ ತಗುಲಿ ನೇರ ಗಲ್ಲಕ್ಕೆ ಬಡಿಯಿತು. ಬಾಯಲ್ಲಿ ಗಮ್‌ಶೀಲ್ಡ್ ಇದ್ದದ್ದರಿಂದ ಹಲ್ಲು ಉಳಿಯಿತು. ಅದನ್ನು ಕಚ್ಚಿಕೊಂಡೇ ಆಡಬೇಕೆಂಬ ನಿಯಮ ಯಾರಿಗಾಗಿ ಇದೆಯೆಂಬುದು ನನಗೆ ಅಂದು ತಿಳಿಯಿತು. ಎದುರಾಳಿಗಳಿಂದಲ್ಲ, ನಮ್ಮಿಂದಲೇ ನಮಗೆ ರಕ್ಷಣೆ ಬೇಕು.

ಹೆಜ್ಜೆ ಎಣಿಸುವುದರಲ್ಲಿ ಇನ್ನೊಂದು ಕಷ್ಟವಿತ್ತು. ಓಡುತ್ತ, ಚೆಂಡು ನೋಡುತ್ತ, ಯಾರು ಅಡ್ಡ ಬರುತ್ತಿದ್ದಾರೆಂದು ಗಮನಿಸುತ್ತ ಇರುವಾಗ ತಲೆಯಲ್ಲಿ ಇಂಗ್ಲಿಷಿನ ಎಣಿಕೆ ಓಡುವುದೇ ಇಲ್ಲ. ಒಂಬತ್ತು ವರ್ಷ ಇಂಗ್ಲಿಷಿನಲ್ಲೇ ಸಂಬಳ ಎಣಿಸಿದ್ದರೂ ಹೆಜ್ಜೆ ಎಣಿಸಲು ಕುಂಟೆಬಿಲ್ಲೆಯ ಕಾಲದ ಕನ್ನಡವೇ ಬಂದಿತು. ಒಂದು, ಎರಡು, ಮೂರು, ನಾಕು ಎಂದು ನಾನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಗಮ್‌ಶೀಲ್ಡಿನ ಒಳಗಿನಿಂದ ಹೊರಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದದ್ದು ಕೊನೆಯದೊಂದೇ. ಕೆಲವು ವಾರಗಳ ಮೇಲೆ ತಂಡದಲ್ಲೊಬ್ಬಾಕೆ, ಊರಿನಲ್ಲಿ ಔಷಧಿ ಅಂಗಡಿ ನಡೆಸುವವರು, 'ನಾಕು' ಎಂದರೆ ಭಾರತದಲ್ಲಿ ಚೆಂಡು ಬಿಡು ಎಂದು ಅರ್ಥವೇ ಎಂದು ಕೇಳಿದರು. ಹೆಚ್ಚು ಕಡಿಮೆ ಹಾಗೆಯೇ ಎಂದೆ.

ಈ ನಿಯಮದೊಂದಿಗೆ ಹೆಣಗಾಡುತ್ತಿರುವಾಗಲೇ ಆಟದ ಸ್ವಭಾವ ನನಗೆ ಅರ್ಥವಾದದ್ದು. ರಗ್ಬಿಯಲ್ಲಿ ಚೆಂಡನ್ನು ಎದೆಗೆ ಅವಚಿಕೊಂಡರೆ ಅದು ನಿಮ್ಮದು, ಬೇರೆಯವರು ನಿಮ್ಮನ್ನು ಕೆಡವಬೇಕು. ಸಾಕರಿನಲ್ಲಿ ಅದು ಯಾವಾಗಲೂ ನೆಲದ ಮೇಲಿದೆ, ಯಾರದೂ ಅಲ್ಲ. ಇಲ್ಲಿ ಚೆಂಡು ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ, ಆದರೆ ನಾಲ್ಕು ಹೆಜ್ಜೆಗೊಮ್ಮೆ ಅದನ್ನು ಕಳೆದುಕೊಳ್ಳುವ ಅಪಾಯಕ್ಕೆ ನೀವಾಗಿಯೇ ಒಡ್ಡಬೇಕು. ಎದುರಾಳಿ ಕಾಯುವುದು ಆ ಕ್ಷಣವನ್ನೇ. ಹೆಂಗಸರ ಆಟದಲ್ಲಿ ಬೇಕೆಂದು ಮೈಗೆ ಮೈ ತಾಗಿಸುವಂತಿಲ್ಲ, ಗಂಡಸರಿಗಿರುವ ಭುಜಕ್ಕೆ ಭುಜ ಕೊಡುವ ಅವಕಾಶವೂ ನಮಗಿಲ್ಲ, ಇನ್ನೊಬ್ಬರ ಕೈಯಿಂದ ಚೆಂಡನ್ನು ಎಳೆದು ಕಿತ್ತುಕೊಳ್ಳುವಂತೆಯೂ ಇಲ್ಲ. ಹಾಗಾದರೆ ಚೆಂಡನ್ನು ಪಡೆಯುವುದು ಹೇಗೆ ಎಂದು ಕಬಡ್ಡಿಯ ನಾಡಿನಿಂದ ಬಂದ ನಾನು ಕೇಳಿದೆ. ಎದುರಾಳಿಯ ಪಕ್ಕದಲ್ಲೇ ಓಡುತ್ತ ಇರಬೇಕು. ಅವಳು ಪುಟಿಸಲೋ ಸೋಲೋ ಮಾಡಲೋ ಚೆಂಡನ್ನು ಕೈಯಿಂದ ಬಿಟ್ಟ ಕ್ಷಣದಲ್ಲಿ ಹತ್ತಿರದ ಕೈಯ ತೆರೆದ ಅಂಗೈಯಿಂದ ಅದನ್ನು ತಟ್ಟಿ ಬೀಳಿಸಬೇಕು. ತಟ್ಟುವುದು ಅರ್ಧ ಕ್ಷಣ ಮೊದಲಾದರೆ ಅವಳ ತೋಳಿಗೆ ಏಟು, ಫೌಲು. ಅರ್ಧ ಕ್ಷಣ ತಡವಾದರೆ ಗಾಳಿಗೆ ಏಟು. ನನ್ನ ಕಾಲು ನಿಧಾನವಾದರೂ ಈ ಒಂದು ಕೆಲಸದಲ್ಲಿ ನಾನು ಬೇಗ ಪಳಗಿದೆ, ಏಕೆಂದರೆ ನನ್ನಂತೆಯೇ ಇನ್ನುಳಿದ ಹೊಸಬರೂ ಮನಸ್ಸಿನಲ್ಲಿ ಎಣಿಸುತ್ತಿರುತ್ತಾರೆಂದು ನನಗೆ ಗೊತ್ತಿತ್ತು. ಅವರ ತುಟಿಗಳು ಅಲ್ಲಾಡುತ್ತವೆ.

ಎಸೆಯುವ ಕೈಯನ್ನು ತಿದ್ದಿದ ಬಗೆಯನ್ನೂ ಹೇಳಬೇಕು. ಕೈಯಿಂದ ಚೆಂಡು ದಾಟಿಸುವುದಕ್ಕೆ ಹ್ಯಾಂಡ್‌ಪಾಸ್ ಎನ್ನುತ್ತಾರೆ. ಚೆಂಡನ್ನು ಒಂದು ಅಂಗೈಯ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದಲೋ ಅಂಗೈಯಿಂದಲೋ ಹೊಡೆಯಬೇಕು, ಮತ್ತು ಹೊಡೆದದ್ದು ರೆಫರಿಯ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ಸುಮ್ಮನೆ ತಳ್ಳಿದರೆ ಅದು ಎಸೆತವೆಂದೇ ಲೆಕ್ಕ. ವಾರಗಟ್ಟಲೆ ನಾನು ತಪ್ಪುತ್ತಿರುವುದನ್ನು ನೋಡಿದ ಕೋಚ್, ನಿಮ್ಮ ಊರಿನಲ್ಲಿ ಇಂಥ ಚೆಂಡಿನಲ್ಲಿ ಏನೇನು ಆಡುತ್ತೀರಿ ಎಂದು ಕೇಳಿದರು. ಥ್ರೋಬಾಲ್ ಅವರಿಗೆ ಗೊತ್ತಿರಲಿಲ್ಲ. ವಾಲಿಬಾಲ್ ಎಂದಾಗ, ಕೆಳಗಿನಿಂದ ಸರ್ವಿಸ್ ಮಾಡಿ ತೋರಿಸಿ ಎಂದರು. ಎಡಗೈಯಲ್ಲಿ ಚೆಂಡು ಹಿಡಿದು, ಸ್ವಲ್ಪ ಬಾಗಿ, ಬಲಗೈಯನ್ನು ಹಿಂದಕ್ಕೆ ತೆಗೆದು ಕೆಳಗಿನಿಂದ ಹೊಡೆದೆ. ಅದನ್ನೇ ಅರ್ಧ ಬೀಸಿನಲ್ಲಿ, ಎಡಗೈಯನ್ನು ಮೇಲಕ್ಕೆ ಎತ್ತದೆ ಹೊಡೆಯಿರಿ, ಅದೇ ಹ್ಯಾಂಡ್‌ಪಾಸ್ ಎಂದರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಹೊಸಬರಿಗೆಂದು ಕಲಿಸಿದ್ದ, ನಾವು ದೊಡ್ಡ ಹುಡುಗಿಯರಾದ ಮೇಲೆ ಅವಮಾನವೆಂದು ಬಿಟ್ಟುಬಿಟ್ಟಿದ್ದ ಸರ್ವಿಸ್ ಅದು. ಒಂದು ಆಟ ಕೆಡಿಸಿದ ಕೈಯನ್ನು ಪಕ್ಕದ ಅಂಕಣದ ಆಟ ರಿಪೇರಿ ಮಾಡಿತು. ಚೆಂಡು ಹಿಡಿದ ಕೈ ಅಲ್ಲಾಡದಂತೆ ಇರಿಸುವುದು ಮಾತ್ರ ಈಗಲೂ ಆಯಾಸವಾದಾಗ ಮರೆಯುತ್ತದೆ.

ಹಿಡಿಯುವುದು ನನಗೆ ಕಷ್ಟವಾಗಲಿಲ್ಲ, ಆದ್ದರಿಂದ ಬೇಗ ಮುಗಿಸುತ್ತೇನೆ. ಕೆಳಮಟ್ಟದಲ್ಲಿ ಬಂದ ಚೆಂಡನ್ನು ಬರಿಯ ಬೆರಳುಗಳಿಂದ ಹಿಡಿಯದೆ, ಕೂಸನ್ನು ಎತ್ತಿಕೊಂಡಂತೆ ಎರಡೂ ತೋಳುಗಳನ್ನು ಅದರ ಅಡಿಗೆ ಕೊಟ್ಟು ಎದೆಗೆ ತೆಗೆದುಕೊಳ್ಳಬೇಕು. ತಲೆಯ ಮೇಲಿನ ಚೆಂಡಿಗೆ ಬೆರಳುಗಳನ್ನು ಅಗಲಿಸಿ, ಎರಡು ಹೆಬ್ಬೆರಳುಗಳು ಹತ್ತಿರ ಬರುವಂತೆ ಕೈಯನ್ನು ಚೆಂಡಿನ ಹಿಂದೆ ಒಡ್ಡಬೇಕು. ಗುಂಪಿನ ನಡುವೆ ಹಾರಿ, ಎಲ್ಲರ ಕೈಗಳಿಗಿಂತ ಮೇಲೆ ಚೆಂಡನ್ನು ಹಿಡಿದು ಇಳಿಯುವುದನ್ನು ಇಲ್ಲಿಯ ಜನ ಗೋಲಿಗಿಂತ ಹೆಚ್ಚಾಗಿ ಮೆಚ್ಚುತ್ತಾರೆ. ನಮ್ಮಲ್ಲಿ ಅದನ್ನು ಮಾಡಬಲ್ಲವರು ಒಬ್ಬರೇ ಇದ್ದಾರೆ. ಅವರು ಹಾರಿದಾಗ ಎರಡೂ ತಂಡದವರು ಆಟ ಬಿಟ್ಟು ನೋಡುತ್ತಾರೆ.

ನೆಲದ ಮೇಲಿನ ಚೆಂಡನ್ನು ಎತ್ತಿಕೊಳ್ಳುವ ವಿಷಯಕ್ಕೆ ನಮ್ಮ ಮನೆಯಲ್ಲಿ ಜಗಳವಾಯಿತು. ಗಂಡಸರ ಆಟದಲ್ಲಿ ಚೆಂಡನ್ನು ನೆಲದಿಂದ ನೇರವಾಗಿ ಕೈಯಿಂದ ಎತ್ತುವಂತಿಲ್ಲ. ಓಡಿಬಂದು ಬಗ್ಗಿ, ಬೂಟಿನ ತುದಿಯನ್ನು ಅದರ ಅಡಿಗೆ ತೂರಿಸಿ, ಕಾಲಿನಿಂದ ಚಿಮ್ಮಿಸಿದ ಚೆಂಡನ್ನು ಅಲ್ಲೇ ಕಾದಿರುವ ಕೈಗೆ ತೆಗೆದುಕೊಳ್ಳಬೇಕು. ಹೆಂಗಸರ ಆಟದಲ್ಲಿ ಕಾಲ ಮೇಲೆ ನಿಂತಿದ್ದರೆ ಸಾಕು, ಕೈಯಿಂದಲೇ ಎತ್ತಿಕೊಳ್ಳಬಹುದು. ಈಗ ಎಂಟು ವರ್ಷದವನಾಗಿರುವ ಮಗ ಹಿತ್ತಲಿನಲ್ಲಿ ನಾನು ಹಾಗೆ ಎತ್ತಿಕೊಂಡಾಗಲೆಲ್ಲ "ಅಮ್ಮಾ, ಫೌಲ್!" ಎಂದು ಕೂಗುತ್ತಾನೆ, ನಮ್ಮ ನಿಯಮ ಬೇರೆ ಕಣೋ ಎಂದರೆ, ಮನೆಯಲ್ಲಿ ಒಂದೇ ನಿಯಮ ಇರಬೇಕು ಎಂದು ನನ್ನ ಮಾತನ್ನೇ ನನಗೆ ತಿರುಗಿಸುತ್ತಾನೆ. ಕೊನೆಗೆ ಅವನ ಸಲುವಾಗಿ ಕಾಲಿನಿಂದ ಎತ್ತುವುದನ್ನೂ ಕಲಿತೆ. ಕಲಿತ ಮೇಲೆ ನಮಗೆ ಕೊಟ್ಟಿರುವ ರಿಯಾಯಿತಿಯ ಬಗ್ಗೆ ಎರಡು ಮನಸ್ಸಾಗಿದೆ. ಆಟ ನಿಲ್ಲದೆ ಹರಿಯುತ್ತದೆ ಎಂಬುದು ನಿಜ; ಆದರೆ ಓಟದಲ್ಲಿಯೇ ಕಾಲೂ ಕೈಯೂ ನೆಲದ ಬಳಿ ಒಂದಾಗುವ ಆ ಚಿಕ್ಕ ಚಲನೆ ನೋಡಲು ಎಷ್ಟು ಚೆಂದವೆಂದರೆ, ಅದನ್ನು ನಮ್ಮಿಂದ ಯಾರೋ ಉಪಕಾರವೆಂದು ಹೇಳಿ ಕಸಿದುಕೊಂಡಂತೆಯೂ ಅನ್ನಿಸುತ್ತದೆ.

ಯಜಮಾನರು ಇದುವರೆಗೆ ಗೆರೆಯೊಳಗೆ ಕಾಲಿಟ್ಟಿಲ್ಲ. ಅವರದು ಕ್ರಿಕೆಟ್ಟು, ಬೇಸಿಗೆಯ ಭಾನುವಾರಗಳೆಲ್ಲ ಅದಕ್ಕೇ ಮೀಸಲು. ಅವರನ್ನು ಕೆಣಕಲು ನನಗೆ ಇತಿಹಾಸದಲ್ಲೊಂದು ಒಳ್ಳೆಯ ಆಯುಧ ಸಿಕ್ಕಿದೆ. ಜಿಎಎ ಸದಸ್ಯರು ಸಾಕರ್, ರಗ್ಬಿ, ಹಾಕಿ, ಕ್ರಿಕೆಟ್ ಎಂಬ ಪರಕೀಯ ಆಟಗಳನ್ನು ಆಡುವುದಿರಲಿ, ನೋಡಲೂ ಬಾರದೆಂಬ ನಿಷೇಧ ದಶಕಗಳ ಕಾಲ ಇತ್ತು. ಅದನ್ನು ತೆಗೆದುಹಾಕಿದ್ದು 1971ರಲ್ಲಿ. ಐರ್ಲೆಂಡಿನ ಮೊದಲ ರಾಷ್ಟ್ರಪತಿ ಡಗ್ಲಸ್ ಹೈಡ್ ಅವರು ಐರಿಷ್ ಭಾಷೆಗಾಗಿ ಜೀವಮಾನವಿಡೀ ದುಡಿದವರು, ಜಿಎಎಯ ಪೋಷಕರೂ ಆಗಿದ್ದರು. 1938ರಲ್ಲಿ ಒಂದು ಸಾಕರ್ ಪಂದ್ಯಕ್ಕೆ ಹೋದರೆಂಬ ಕಾರಣಕ್ಕೆ ಅವರ ಹೆಸರನ್ನೇ ಪೋಷಕರ ಪಟ್ಟಿಯಿಂದ ತೆಗೆದರು. ರಾಷ್ಟ್ರಪತಿಗೇ ಆ ಗತಿಯಾದರೆ, ಭಾನುವಾರ ಬಿಳಿ ಪ್ಯಾಂಟು ಹಾಕಿಕೊಂಡು ಹೋಗುವವರ ಗತಿ ಏನಾಗುತ್ತಿತ್ತೋ ನೋಡಿ ಎನ್ನುತ್ತೇನೆ. ಅವರು ಉತ್ತರವಾಗಿ ನನ್ನ ಗಲ್ಲದ ಕಡೆ ಬೆರಳು ತೋರಿಸುತ್ತಾರೆ.

ಮೈದಾನದ ಭಾಷೆಯನ್ನೂ ಕಲಿಯಬೇಕು. ನಿಯಮಪುಸ್ತಕದಲ್ಲಿ ಅದು ಸಿಗುವುದಿಲ್ಲ. ಒಂದು ಸಂಜೆ ನನ್ನನ್ನು ಹಿಂಬದಿಯಲ್ಲಿ, ಗೋಲಿನ ಮುಂದೆ ನಿಲ್ಲಿಸಿದ್ದರು. ಚೆಂಡು ಆಚೆಯ ತುದಿಯಲ್ಲಿತ್ತು, ಎಲ್ಲರೂ ಅತ್ತ ಓಡುತ್ತಿದ್ದರು, ನಾನೂ ಹುರುಪಿನಲ್ಲಿ ಹೊರಟೆ. "ಮೈಂಡ್ ದಿ ಹೌಸ್!" ಎಂದು ಗೋಲ್‌ಕೀಪರ್ ಕೂಗಿದರು. ಮನೆ ನೋಡಿಕೋ! ಒಲೆಯ ಮೇಲೆ ಏನಾದರೂ ಇಟ್ಟು ಬಂದೆನೇ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ. ಮನೆಯೆಂದರೆ ಗೋಲು, ಎಲ್ಲರೂ ಮುಂದೆ ಹೋದಾಗ ಅದನ್ನು ಕಾಯಲು ಒಬ್ಬರಾದರೂ ಹಿಂದೆ ಉಳಿಯಬೇಕೆಂದು ಆ ಮಾತಿನ ಅರ್ಥ. ಜಾತ್ರೆಗೆ ಹೊರಟವರು ಅಜ್ಜಿಗೆ ಹೇಳಿ ಹೋಗುವ ಮಾತನ್ನು ಇಷ್ಟು ದೂರದ ಮೈದಾನದಲ್ಲಿ ಕೇಳಿ ನನಗೆ ಬಹಳ ಖುಷಿಯಾಯಿತು. ನಾನು ಹಿಂದಿರುಗುವಷ್ಟರಲ್ಲಿ ಮನೆಗೆ ಕಳ್ಳರು ನುಗ್ಗಿಯಾಗಿತ್ತು, ಅದು ಬೇರೆ ಮಾತು.

ಒದೆಯುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಕಲಿಯುವುದು ಇನ್ನೂ ಮುಗಿದಿಲ್ಲ. ಕಂಬದ ಮೇಲೆ ಹಾಯಿಸಲು ಸೋಲೋದಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಉಳಿಸಿಕೊಂಡು ಅರ್ಧವನ್ನು ಬಿಡಬೇಕು. ಒದೆಯುವ ಕಾಲಿನ ಕಡೆಯ ಕೈಯಿಂದಲೇ ಚೆಂಡನ್ನು ಬಿಡುವುದು ಹಾಗೆಯೇ ಉಳಿಯುತ್ತದೆ. ಆದರೆ ಬೆರಳುಗಳನ್ನು ಈಗ ಮುಂದಕ್ಕೆ ಚಾಚಿ, ಬೂಟಿನ ಲೇಸು ಕಟ್ಟಿದ ಜಾಗಕ್ಕೆ ಚೆಂಡು ತಾಗುವಂತೆ ಮಾಡಿ, ಕಾಲು ಗುರಿಯ ಕಡೆಗೆ ಪೂರ್ತಿ ಹೋಗುವವರೆಗೆ ತಡೆಯಬಾರದು. ಒದೆಯುವಾಗ ಕಣ್ಣು ಕಂಬದ ಮೇಲಲ್ಲ, ಚೆಂಡಿನ ಮೇಲೆ. ಕಂಬ ಎಲ್ಲಿಗೂ ಹೋಗುವುದಿಲ್ಲ, ಒಮ್ಮೆ ನೋಡಿ ನೆನಪಿಟ್ಟುಕೊಂಡರೆ ಸಾಕು ಎಂದು ಕೋಚ್ ಹೇಳುತ್ತಾರೆ. ಇದರ ಜೊತೆಗೆ, ಯಾರಾದರೂ ಒದೆಯುತ್ತಿರುವಾಗ ಬದಿಯಿಂದ ನುಗ್ಗಿ ಎರಡೂ ಕೈಗಳನ್ನು ಬೂಟಿನ ಬಳಿಗೆ ಒಡ್ಡಿ ಚೆಂಡನ್ನು ತಡೆಯುವ ಬ್ಲಾಕ್ ಎಂಬ ವಿದ್ಯೆಯೂ ಇದೆ. ಅದಕ್ಕೆ ಬೇಕಾದದ್ದು ಕಣ್ಣು ಮುಚ್ಚದಿರುವುದು. ನಾನು ಮುಚ್ಚುತ್ತೇನೆ.

ಹೋದ ಬೇಸಿಗೆಯಲ್ಲಿ ಸುತ್ತಲಿನ ನಾಲ್ಕೈದು ಕ್ಲಬ್ಬುಗಳ ತಾಯಂದಿರು ಸೇರಿ ಒಂದು ದಿನದ ಬ್ಲಿಟ್ಜ್ ಆಡಿದೆವು. ಹತ್ತು ಹತ್ತು ನಿಮಿಷಗಳ ಚಿಕ್ಕ ಪಂದ್ಯಗಳು, ಅಂಪೈರುಗಳಾಗಿ ಮಕ್ಕಳ ಅಜ್ಜಂದಿರು, ಗೆರೆಯ ಹೊರಗೆ ಕಾಗದದ ಲೋಟ ಹಿಡಿದ ಗಂಡಂದಿರು. ಮೂರನೆಯ ಪಂದ್ಯದಲ್ಲಿ ನಡು ಮೈದಾನದಲ್ಲಿ ನನಗೆ ಚೆಂಡು ಸಿಕ್ಕಿತು, ಎದುರಿಗೆ ಯಾರೂ ಇರಲಿಲ್ಲ. ಓಡಿದೆ. ಬಾಯಿ ಒಣಗಿ ಎಣಿಸಲು ಉಸಿರಿರಲಿಲ್ಲ. ಆಗ ಗೆರೆಯ ಹೊರಗಿನಿಂದ ಔಷಧಿ ಅಂಗಡಿಯಾಕೆ "ನಾಕು!" ಎಂದು ಕೂಗಿದರು, ಸೋಲೋ ಮಾಡಿದೆ, ಚೆಂಡು ಕೈಗೆ ಬಂದಿತು. ಮತ್ತೆ ಓಡಿದೆ, ಈ ಸಲ ಇನ್ನೂ ನಾಲ್ಕೈದು ಮಂದಿ ಸೇರಿ "ನಾಕು!" ಎಂದರು, ನೆಲಕ್ಕೆ ಪುಟಿಸಿದೆ. ಮೂರನೆಯ "ನಾಕು"ವಿಗೆ ನಮ್ಮ ಕಡೆಯ ಗೆರೆಯೆಲ್ಲ ದನಿಗೂಡಿಸಿತ್ತು, ಯಜಮಾನರ ಧ್ವನಿಯೂ ಅದರಲ್ಲಿತ್ತು. ಕಂಬ ಇಪ್ಪತ್ತು ಮೀಟರ್ ದೂರದಲ್ಲಿತ್ತು. ಚೆಂಡಿನ ಮೇಲೆ ಕಣ್ಣಿಟ್ಟು ಒದ್ದೆ.

ಬಲಗಂಬದ ಬಳಿ ಬಿಳಿ ಬಾವುಟ ಹಿಡಿದು ನಿಂತಿದ್ದ ಅಜ್ಜ ತಲೆಯೆತ್ತಿ ಚೆಂಡು ಹೋದ ದಾರಿಯನ್ನು ಬಹಳ ಹೊತ್ತು, ಬಹಳ ಮರ್ಯಾದೆಯಿಂದ ನೋಡಿದರು. ಆಮೇಲೆ ಬಾವುಟವನ್ನು ಇದ್ದ ಜಾಗದಲ್ಲೇ ಬಿಟ್ಟು, ಬೇಲಿಯಾಚೆಯ ಗಿಡಗಳಲ್ಲಿ ಚೆಂಡು ಹುಡುಕಲು ಹೊರಟರು.